ವಿಷ ಕಾಣದ ವಂಶ

ಕೀಟವಿಜ್ಞಾನಿ ತೀರಿಕೊಂಡರೆಂದು ಆಸ್ಪತ್ರೆಯಿಂದ ಸುದ್ದಿ ಬಂದ ಬೆಳಿಗ್ಗೆ, ಪ್ರಯೋಗಾಲಯದ ಸಹಾಯಕಿ ಅಳುತ್ತಲೇ ಹುಳುಗಳಿಗೆ ಮೇವು ಹಾಕಿದಳು. ಕಣ್ಣು ಮಂಜಾಗಿ ಡಬ್ಬಿ ಅದಲುಬದಲಾಯಿತು. ವಾರ ಕಳೆದ ಮೇಲೆ ಮುಖ ಸಣ್ಣದು ಮಾಡಿಕೊಂಡು ಅವರ ಮನೆಯ ಬಾಗಿಲಲ್ಲಿ ನಿಂತಳು.

"ಒಳಗೆ ಬಾರಮ್ಮ. ನನ್ನ ಸವತಿಯರು ಹೇಗಿದ್ದಾರೆ?" ಎಂದರು ಅವರ ಹೆಂಡತಿ. ಮದುವೆಯಾದಂದಿನಿಂದ ಆ ಹುಳುಗಳಿಗೆ ಅವರು ಇಟ್ಟಿದ್ದ ಹೆಸರು ಅದು.

"ಸತ್ತುಹೋದ್ವು ಅಮ್ಮಾ. ವಿಷದ ಹತ್ತಿ ಬೆರೆಸಿದ ಮೇವನ್ನ ಸರ್ ಸಾಕಿದ ಹುಳುಗಳಿಗೆ ಹಾಕಿಬಿಟ್ಟೆ."

ಹುಳು ತಿಂದರೆ ಸಾಯುವಂತೆ ಮಾಡಿದ ಕುಲಾಂತರಿ ಹತ್ತಿ ಅದು. ಹೊಲದಲ್ಲಿ ಕೆಲವು ಹುಳುಗಳು ಅದನ್ನೂ ಅರಗಿಸಿಕೊಂಡು ಗಟ್ಟಿಯಾಗತೊಡಗಿದ್ದವು. ಎಷ್ಟು ಗಟ್ಟಿ ಎಂದು ಅಳೆಯಲು, ಆ ವಿಷದ ಗಾಳಿಯೂ ಸೋಕದ ಮೆತ್ತನೆಯ ಹುಳು ಪಕ್ಕದಲ್ಲಿರಬೇಕು. ಅಂಥದೊಂದು ವಂಶವನ್ನು ಯಜಮಾನರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದರು. ಕಿಟಕಿಯ ಜಾಲರಿ ಹರಿದು ಅದೇ ಹುಳುವಿನ ಹೊಲದ ಪತಂಗವೊಂದು ಒಳಗೆ ಬಂದ ದಿನದಿಂದ, ಅದು ಇವುಗಳೊಡನೆ ಕೂಡಿರಬಹುದೆಂಬ ಚಿಂತೆಯಲ್ಲಿ ಅವರಿಗೆ ಅನ್ನ ಸೇರಲಿಲ್ಲ. "ಗಟ್ಟಿಗೂ ಮೆತ್ತನೆಗೂ ಹುಟ್ಟಿದ ಮಕ್ಕಳು ಮೆತ್ತಗೇ ಇರ್ತಾವೆ ಕಣೇ. ಒಳಗೆ ಅಡಗಿದ್ದ ಗಟ್ಟಿತನ ಮೊಮ್ಮಕ್ಕಳಲ್ಲಿ ತಲೆ ಎತ್ತುತ್ತೆ" ಎಂದು ಹೆಂಡತಿಯ ಹತ್ತಿರ ಹೇಳುತ್ತಿದ್ದರು. ಮೊಮ್ಮಕ್ಕಳ ಸರದಿ ಬರುವ ಮೊದಲೇ ಹಾಸಿಗೆ ಹಿಡಿದರು.

"ಸತ್ತದ್ದು ಯಾವ ತಲೆಮಾರು?"

"ಮೊಮ್ಮಕ್ಕಳು."

"ಒಂದಾದ್ರೂ ಬದುಕಿತಾ? ಸರಿಯಾಗಿ ನೋಡಿದ್ಯಾ?"

"ಒಂದೂ ಇಲ್ಲ. ಎಲ್ಲಾ ಪೆಟ್ಟಿಗೆ ಕೊಡವಿ ನೋಡ್ದೆ. ತಿನ್ನೋದು ಮುಗಿಸಿ ಮೊದಲೇ ಕೋಶ ಕಟ್ಟಿದ್ದ ಅಣ್ಣಂದಿರು, ಅಕ್ಕಂದಿರು ಮಾತ್ರ ಉಳಿದಿವೆ."

"ಅವುಗಳಿಂದ ವಂಶ ಬೆಳೆಯುತ್ತಾ?"

"ಬೆಳೆಯುತ್ತಮ್ಮಾ. ಆದ್ರೂ ನಾನು ಮಾಡಿದ್ದು..."

"ಅಯ್ಯೋ ಹುಚ್ಚು ಹುಡುಗಿ! ಎಲ್ಲಾ ಸತ್ತವು ಅಂದ್ರೆ ವಂಶ ಕೆಟ್ಟಿಲ್ಲ ಅಂತ ತಾನೇ? ಕೊನೇ ದಿನ ಮೂಗಿನ ಕೊಳವೆ ಸರಿಸಿ ಅವರು ಕೇಳಿದ್ದು ಅದೊಂದೇ. 'ಗಟ್ಟಿ ಏನಾದ್ರೂ ಹುಟ್ಟಿತಾ' ಅಂದ್ರು. ಗೊತ್ತಾಗೋ ಮೊದಲೇ ಹೋಗಿಬಿಟ್ರು."

ಬೈಸಿಕೊಳ್ಳಲು ಬಂದವಳ ಎರಡೂ ಕೈಗಳನ್ನು ಎಳೆದು ಹಿರಿಯಾಕೆ ಕಣ್ಣಿಗೊತ್ತಿಕೊಂಡರು. ಆಮೇಲೆ ಹಾಗೇ ಹಿಡಿದುಕೊಂಡು ಕಣ್ಣು ಮುಚ್ಚಿದರು.

"ದೇವರೇ, ನಿನ್ನ ಉಪಕಾರ ದೊಡ್ಡದು. ಒಂದೂ ಬದುಕಲಿಲ್ಲ ಅಂತ ಅವರಿಗೆ ನೀನೇ ಹೇಳು. ಆ ಜೀವ ಇನ್ನು ನೆಮ್ಮದಿಯಾಗಿ ಮಲಗಲಿ."