ಕುಡಿಯದವನ ಕಾಯಿಲೆ

ಇಪ್ಪತ್ತೆರಡು ವರ್ಷದಿಂದ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ರೋಗಿಯ ಮುಖ ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ ಎನ್ನುವ ಜಂಬ ನನಗಿತ್ತು...

ಆ ಜಂಬ ಹೇಗೆ ಇಳಿಯಿತು ಅಂತ ಹೇಳುತ್ತೇನೆ. ಸುಸ್ತಾಗಿದೆ, ಆದರೂ ಬರೆಯಲೇಬೇಕು ಅನ್ನಿಸಿತು.

ಅವನ ಹೆಸರು ಕೊಟ್ರೇಶ. ವಯಸ್ಸು ಮೂವತ್ತೊಂದು, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಎರಡು ವರ್ಷದಲ್ಲಿ ಮೂರನೇ ಸಲ ನಮ್ಮ ವಾರ್ಡಿಗೆ ಬಂದಿದ್ದ.

ಎರಡು ತುತ್ತು ಉಂಡರೆ ಸಾಕು, ಹೊಟ್ಟೆಯಲ್ಲಿ ಎದ್ದ ನೋವು ಬೆನ್ನಿನವರೆಗೂ ಇರಿಯುತ್ತಿತ್ತು. ಮುಂದಕ್ಕೆ ಬಾಗಿ, ಹೊಟ್ಟೆ ಹಿಡಿದುಕೊಂಡು ಗಂಟೆಗಟ್ಟಲೆ ಕೂತೇ ಇರುತ್ತಿದ್ದ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ...

ಅವನಿಗಿದ್ದದ್ದು ಮೇದೋಜೀರಕ ಗ್ರಂಥಿಯ ಬಹುಕಾಲದ ಉರಿಯೂತ. ಅದೇ, ಪ್ಯಾಂಕ್ರಿಯಾಸ್ ತೊಂದರೆ.

ಪ್ಯಾಂಕ್ರಿಯಾಸ್ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಒಂದೇ... ಕುಡುಕ.

ಇಂಜೆಕ್ಷನ್ ಕೊಡುವಾಗಲೆಲ್ಲ ಬೈಯುತ್ತಿದ್ದೆ. ಕುಡಿಯುವಾಗ ಬುದ್ಧಿ ಎಲ್ಲಿ ಹೋಗಿತ್ತು, ಹೆತ್ತವಳ ಹೊಟ್ಟೆ ಯಾಕೆ ಉರಿಸುತ್ತೀಯ ಅಂತ. ಪಕ್ಕದ ಬೆಡ್‌ನವರು ಕಿಸಕ್ಕನೆ ನಗುತ್ತಿದ್ದರು.

ಮೊದಮೊದಲು ಅವನು ಕುಡಿಯುವುದಿಲ್ಲ ಎನ್ನುತ್ತಿದ್ದ. ಆಮೇಲೆ ಅದನ್ನೂ ಹೇಳುವುದು ಬಿಟ್ಟ. ಹೇಳಿ ಹೇಳಿ ಸೋತುಹೋಗಿದ್ದ, ಪಾಪ.

ಅವನ ತಾಯಿ ಹಾಲಮ್ಮ ದಿನಾ ಮನೆಯಿಂದ ಗಂಜಿ ತರುತ್ತಿದ್ದರು. ಅವರ ಗಂಡ ಕುಡಿದು ಕುಡಿದೇ ತೀರಿಕೊಂಡವನು. ಮಗ ತಲೆ ಮುಟ್ಟಿ ಆಣೆ ಇಟ್ಟರೆ, ನಿಮ್ಮಪ್ಪನೂ ಹಿಂಗೇ ಆಣೆ ಇಡ್ತಿದ್ದ ಅನ್ನುತ್ತಿದ್ದರಂತೆ.

ಒಂದು ದಿನ ಡ್ರಿಪ್ ಬದಲಿಸುವಾಗ ಕೊಟ್ರೇಶ ಮೆಲ್ಲಗೆ ಹೇಳಿದ...

"ಸಿಸ್ಟರ್, ನೋವು ಹೋಗದಿದ್ರೂ ಚಿಂತಿಲ್ರಿ. ನಾನು ಕುಡಿಯಲ್ಲ ಅಂತ ಡಾಕ್ಟ್ರು ಒಂದು ಮಾತು ನಮ್ಮವ್ವಗೆ ಹೇಳಿದ್ರೆ ಸಾಕು."

ಹೂಂ ಅಂದೆ. ಆದರೆ ನಂಬಲಿಲ್ಲ.

ಆ ವಾರ ಹೊಸ ಡಾಕ್ಟರ್ ಬಂದರು. ಅವನ ಪಕ್ಕ ಅರ್ಧ ಗಂಟೆ ಕೂತು, ಚಿಕ್ಕಂದಿನಿಂದ ಹೊಟ್ಟೆನೋವು ಇತ್ತಾ ಎಂದೆಲ್ಲ ಕೇಳಿದರು. ಬೇರೆ ಸ್ಕ್ಯಾನ್ ಮಾಡಿಸಿದರು.

ರಿಪೋರ್ಟ್ ಬಂದ ದಿನ ಹಾಲಮ್ಮನನ್ನೂ ಅವನ ಬೆಡ್ ಹತ್ತಿರ ಕರೆಸಿ ವಿವರಿಸಿದರು. ಜೀರ್ಣರಸ ಹರಿಯುವ ನಾಳ ಇವನಿಗೆ ಹುಟ್ಟಿನಿಂದಲೇ ಸರಿಯಾಗಿ ಕೂಡಿಲ್ಲ... ಅನ್ನ ಅರಗಿಸಬೇಕಾದ ರಸ ಒಳಗೇ ನಿಂತು ಗ್ರಂಥಿಯನ್ನೇ ಸುಡುತ್ತಿದೆ. ಕುಡಿತದಿಂದ ಈ ಕಾಯಿಲೆ ಬರುವುದು ನಿಜ, ಆದರೆ ಕುಡಿಯದವರಿಗೂ ಬರುತ್ತದೆ. ನಿಮ್ಮ ಮಗ ಹೇಳಿದ್ದು ನಿಜ.

ಹಾಲಮ್ಮ ಸೊಂಟದ ಚೀಲದಿಂದ ಒಂದು ಪೇಪರ್ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

"ಕುಡಿತ ಬಿಡ್ಸೋ ಪುಡಿ ಅಂತ ಒಬ್ಬ ಕೊಟ್ಟಿದ್ದ ತಾಯಿ... ಎರಡು ವರ್ಷ ಆತು, ಇವಂಗೆ ಗೊತ್ತಾಗದಂಗೆ ದಿನಾ ಗಂಜ್ಯಾಗೆ ಹಾಕ್ತೀನಿ. ಇವತ್ತೂ ಹಾಕೀನಿ."

ಮೊದಲೇ ಬೆಂದ ಹೊಟ್ಟೆ... ಆ ಪುಡಿಯಲ್ಲಿ ಏನಿತ್ತೋ ದೇವರೇ ಬಲ್ಲ.

ಕೊಟ್ರೇಶ ಕಣ್ಣು ಮುಚ್ಚಿಕೊಂಡೇ ಹೇಳಿದ. "ಗೊತ್ತಿತ್ತವ್ವ. ಮೊದಲ್ನೇ ದಿನಾನೇ ಕಹಿ ಗೊತ್ತಾಗಿತ್ತು."

ಮತ್ತೆ ಯಾಕೆ ಉಂಡೆ ಅಂತ ನಾನೇ ಕೇಳಿದೆ.

"ಬ್ಯಾಡ ಅಂದಿದ್ರೆ, ಕುಡಿಯೋ ಸಲುವಾಗಿ ಬ್ಯಾಡ ಅಂತಾನೆ ಅಂತಿದ್ಲು ಸಿಸ್ಟರ್. ಉಂಡ್ರೆ, ಮಗ ಸರಿಹೋಗ್ತಾನೆ ಅಂತ ಅವಳಾದ್ರೂ ನಿದ್ದೆ ಮಾಡ್ತಿದ್ಲು..."

ಹಾಲಮ್ಮ ಮಗನ ಮಡಿಲಲ್ಲಿ ಮುಖ ಹುದುಗಿಸಿ ಅತ್ತರು. ಇಡೀ ವಾರ್ಡ್ ಎದುರು ಬೈದವಳು ನಾನು, ಇಡೀ ವಾರ್ಡ್ ಎದುರೇ ತಪ್ಪಾಯ್ತಪ್ಪ ಅಂದೆ. ಅವನು ಬಿಡ್ರಿ ಸಿಸ್ಟರ್ ಅಂದ, ಅಷ್ಟೇ. ಅದು ಇನ್ನೂ ಚುಚ್ಚುತ್ತದೆ.

ಈ ಕಾಯಿಲೆ ಪೂರ್ತಿ ಹೋಗುವಂಥದ್ದಲ್ಲ. ಪ್ರತಿ ಊಟದ ಜೊತೆ ಮಾತ್ರೆ ಬೇಕು, ಎಣ್ಣೆ ಪದಾರ್ಥ ಕಡಿಮೆ ಮಾಡಬೇಕು, ನೋವು ಆಗಾಗ ಬಂದೇ ಬರುತ್ತದೆ. ಆದರೂ ಕೊಟ್ರೇಶ ಈಗ ನಾಲ್ಕು ಕೆಜಿ ತೂಕ ಏರಿದ್ದಾನೆ.

ಹಾಲಮ್ಮ ಮಾತ್ರ ಅಂದಿನಿಂದ ಅದೇ ಪಾತ್ರೆಯ ಗಂಜಿಯನ್ನು ಮಗನ ಕಣ್ಣೆದುರು ತಾವು ಒಂದು ಬಟ್ಟಲು ಕುಡಿದು, ಆಮೇಲೆ ಅವನಿಗೆ ಬಡಿಸುತ್ತಾರಂತೆ. ಬೇಡ ಅಂದರೂ ಕೇಳುವುದಿಲ್ಲವಂತೆ...

ಕಾಯಿಲೆ ಬಂದವನಲ್ಲಿ ತಪ್ಪು ಹುಡುಕುವ ಮೊದಲು, ಅವನ ಮಾತು ಕೇಳಿ.

ನಿಮ್ಮ ಮನೆಯಲ್ಲೂ ಹೇಳಿ ಹೇಳಿ ಸೋತು ಸುಮ್ಮನಾದವರು ಯಾರಾದರೂ ಇದ್ದಾರಾ?