ಮೈ ಕೊಡವದ ಟಗರು

ಹರಕೆಯ ಟಗರು ನೀರು ಹಾಕಿದಾಗ ಮೈ ಕೊಡವಿದರೆ ಮಾರಮ್ಮ ಒಪ್ಪಿದಂತೆ. ಕತ್ತಿ ಎತ್ತುವುದು ಆಮೇಲೆ. ಪೂಜಾರಿ ಚೊಂಬುಗಟ್ಟಲೆ ಸುರಿದರೂ ಇದು ಮಿಸುಕಲಿಲ್ಲ. ಇತ್ತ ಮಸಾಲೆ ಅರೆದಾಗಿತ್ತು. ಬೀಗರಂತೂ ಆಗಲೇ ಎಲೆ ಹಾಸಿಕೊಂಡು ಕೂತಿದ್ದರು.

"ಸಾವು ಹತ್ರ ಬಂದ್ರೆ ಮೂಕಪ್ರಾಣಿಗೆ ಗೊತ್ತಾಯ್ತದೆ ಕಣ್ರೀ," ಎಂದರು ಹಿರೀಬೀಗರು.

"ಗೊತ್ತಾಗಿದ್ರೆ ಓಡೋಗ್ಬೇಕಿತ್ತಲ್ಲ? ಇದು ಆರಾಮಾಗಿ ಮೆಲುಕು ಹಾಕ್ತಾ ನಿಂತದೆ!" ಮನೆ ಯಜಮಾನ ರೇಗಿದ.

ಪೂಜಾರಿ ಚೊಂಬು ಕೆಳಗಿಟ್ಟರು. "ತಾಯಿಗೆ ಒಪ್ಗೆ ಇಲ್ಲ. ಹೊಡ್ಕೊಂಡ್ ಹೋಗಿ."

ಬೀಗರಿಗೆ ಹುರುಳಿಕಾಳಿನ ಸಾರಾಯಿತು.

ಟಗರನ್ನು ಮರಿಯಿಂದ ಸಾಕಿದ್ದ ಯಜಮಾನನ ತಾಯಿ ಅದನ್ನು ಮನೆಗೆ ತಂದು, ಸೆರಗಿನಲ್ಲಿ ಮೈ ಒರೆಸುತ್ತ ಕಿವಿಯಲ್ಲಿ ಹೇಳಿದಳು:

"ನಾಳೆಯಿಂದ ಬೆಳಿಗ್ಗೆ ಬೆಳಿಗ್ಗೆ ತಣ್ಣೀರ್ ಹುಯ್ಯಾಕಿಲ್ಲ ಕಣ್ ಮಗ, ಪರೀಕ್ಷೆ ಪಾಸಾದೆ."