ಮರಿತಾಯಮ್ಮನ ಉಪಸಂಹಾರ

ಪ್ರಬಂಧದ ಕೊನೆಯ ಸಾಲುಗಳ ಮೇಲೆ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರು ಕೆಂಪು ಪೆನ್ನಿನಿಂದ ಗೀಟು ಎಳೆದಾಗ, ಆ ಕರ್ರೆಂಬ ಸದ್ದು ಗುಂಡ್ಲುಪೇಟೆ ದಾಟಿ ಊಟಿಯವರೆಗೂ ಕೇಳಿಸಿತು. ನಂಬದವರು ಊಟಿಯವರನ್ನೇ ವಿಚಾರಿಸಬಹುದು.

ಬರೆದವಳು ಮರಿತಾಯಮ್ಮ. ಅರವತ್ತು ವರ್ಷ ವಯಸ್ಸಿನ ಕೂಲಿಯಾಳು. ಸಾಕ್ಷರತಾ ಆಂದೋಲನದವರಿಂದ ಅಕ್ಷರ ಕಲಿತು ಎಂಟು ತಿಂಗಳಾಗಿತ್ತು. 'ಳ' ಅನ್ನುವ ಅಕ್ಷರವೊಂದಕ್ಕೇ ಹನ್ನೆರಡು ಸ್ಲೇಟು ಮುರಿದಿದ್ದಳು. ಹೊಸದಾಗಿ ಓದು ಕಲಿತವರಿಗೆ 'ನಮ್ಮೂರ ಸಮಸ್ಯೆ ಮತ್ತು ಪರಿಹಾರ' ಎಂಬ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ಪೀಠಿಕೆ, ವಿವರಣೆ, ಉಪಸಂಹಾರ ಇರಲೇಬೇಕೆಂದು ಮೇಷ್ಟ್ರ ಕಟ್ಟಪ್ಪಣೆ.

ಅವಳು ಮೂರನ್ನೂ ಬರೆದಿದ್ದಳು. ಪೀಠಿಕೆ: ಬಸ್ಸು ನಮ್ಮೂರಲ್ಲಿ ನಿಲ್ಲುವುದಿಲ್ಲ. ವಿವರಣೆ: ಮೊಮ್ಮಗಳು ಶಿವರಂಜಿನಿ ಹತ್ತನೇ ಕ್ಲಾಸಿಗೆ ದಿನಾ ಹತ್ತು ಮೈಲಿ ನಡೆಯುತ್ತಾಳೆ, ಈ ತಿಂಗಳೂ ಬಸ್ಸು ನಿಲ್ಲದಿದ್ದರೆ ಸ್ಕೂಲು ಬಿಡಿಸುತ್ತೇನೆಂದು ಅವಳಪ್ಪ ಹೇಳಿದ್ದಾನೆ. ಉಪಸಂಹಾರ: ಬಸ್ಸು ಗುಂಡ್ಲುಪೇಟೆ ಸ್ಟ್ಯಾಂಡಿನಲ್ಲಿ ನಿಂತಾಗ ಹೋಗಿ, ಅಷ್ಟೂ ಗಾಲಿಗಳ ಗಾಳಿ ಬಿಡತಕ್ಕದ್ದು.

"ಉಪಸಂಹಾರ ಅಂದ್ರೆ ಮುಕ್ತಾಯ ಕಣಮ್ಮ," ಎಂದರು ಮೇಷ್ಟ್ರು.

"ನಂಗೇನ್ ಗೊತ್ತಿಲ್ವಾ ಸ್ವಾಮಿ? ಊಟಕ್ಕಿಂತ ಸಣ್ಣದು ಉಪಾಹಾರ. ಸಂಹಾರಕ್ಕಿಂತ ಸಣ್ಣದು ಉಪಸಂಹಾರ. ಅದ್ಕೇ ಬಸ್ಸ ಸುಡಿ ಅಂತ ಬರೀನಿಲ್ಲ, ಗಾಳಿ ಬುಡಿ ಅಂದಿವ್ನಿ."

ಮೂವತ್ತು ವರ್ಷ ವ್ಯಾಕರಣ ಅರೆದು ಕುಡಿದಿದ್ದ ಮೇಷ್ಟ್ರು ಕೆಂಪು ಪೆನ್ನನ್ನು ಕೆಳಗಿಟ್ಟರು. ಆಮೇಲೆ ಸಮಾಧಾನದಿಂದ, 'ಆದ್ದರಿಂದ ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಲಿ' ಎಂದು ತಿದ್ದಿದರೆ ಮೊದಲನೇ ಬಹುಮಾನ ಖಂಡಿತ ಎಂದರು.

"ಅದ್ನ ಹದಿನೇಳು ಅರ್ಜೀಲಿ ಬೇರೇರ ಕೈಲಿ ಬರ್ಸಿವ್ನಿ," ಎಂದಳು ಮರಿತಾಯಮ್ಮ. "ನನ್ ಕೈಯಾರ ಬರ್ದಿರದು ಇದೊಂದೇ. ತಿದ್ದಕಿಲ್ಲ."

ಮೇಷ್ಟ್ರಿಗೂ ರೇಗಿತು. ತಿದ್ದದಿದ್ದರೆ ಬಹುಮಾನವಿಲ್ಲ, ಅಲ್ಲದೆ ಇಡೀ ಪ್ರಬಂಧದಲ್ಲಿ ಉದಾಹರಣೆ ಅನ್ನುವುದೇ ಇಲ್ಲ ಎಂದು ಸೊನ್ನೆ ಸುತ್ತಿ, ಉಳಿದ ಕಾಗದಗಳನ್ನು ನೋಡಲು ಕುಳಿತರು. ಮರಿತಾಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋದಳು.

ಅರ್ಧ ಗಂಟೆ ಕಳೆದು ಮೇಷ್ಟ್ರು ಹೊರಬಂದಾಗ ಅವರ ಲೂನಾದ ಎರಡೂ ಗಾಲಿ ನೆಲಕ್ಕೆ ಅಂಟಿಕೊಂಡಿದ್ದವು. ಮರಿತಾಯಮ್ಮ ಪಕ್ಕದಲ್ಲೇ ನಿಂತಿದ್ದಳು, ಕದ್ದು ಓಡುವ ಜಾತಿಯಲ್ಲ ಅದು.

"ಉದಾರ್ಣೆ ಕೇಳುದ್ರಲ್ಲ ಸ್ವಾಮಿ."

ಊರಲ್ಲಿ ಪಂಪಿರಲಿಲ್ಲ. ಮನೆ ಸೇರಲು ಇನ್ನು ಬಸ್ಸೇ ಗತಿಯೆಂದು ಮೇಷ್ಟ್ರು ಬೈದುಕೊಂಡೇ ರಸ್ತೆಗೆ ಬಂದು ನಿಂತರು. ಸಂಜೆಯ ಬಸ್ಸು ಬಂತು. ಕೈ ಅಡ್ಡ ಹಿಡಿದರು, ಕೊಡೆ ಬೀಸಿದರು, ತಾವು ಹೆಡ್‌ಮಾಸ್ಟರೆಂದು ಕೂಗಿದರು. ಬಸ್ಸು ಅವರ ಬಿಳೀ ಪಂಚೆಗೆ ಮೂರು ಮಂಕರಿ ಧೂಳು ಸುರಿದು ಹೊರಟೇಹೋಯಿತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

"ಮರಿತಾಯಮ್ಮ, ಆ ಬಸ್ಸಿಗೆ ಗಾಲಿ ಎಷ್ಟು?"

"ಆರು ಸ್ವಾಮಿ. ಓದು ಕಲ್ತಿರೋ ಹೆಂಗಸ್ರು ಎಂಟು ಜನ ಇದ್ದೀವಿ. ಮಿಕ್ಕ ಇಬ್ರು ಡ್ರೈವರ್‌ನೂ ಕಂಡಕ್ಟರ್‌ನೂ ಮಾತಾಡುಸ್ಕತಾರ."